ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ: ರಕ್ತ ಕೊಡುವ ಮುನ್ನ ತಿಳಿಯಬೇಕಾದುದು

ಬೆಂಗಳೂರು: ಜೆ.ಪಿ. ನಗರ, ಜಯನಗರ, ಬನಶಂಕರಿ ಬಡಾವಣೆಗಳ ಮುಖ್ಯರಸ್ತೆಗಳಲ್ಲಿ ಈಗ ರಕ್ತಪರೀಕ್ಷಾ ಕೇಂದ್ರಗಳಿಗೆ ಕೊರತೆಯಿಲ್ಲ. ಐವತ್ತು ದಾಟಿದ ಪುರುಷರಿಗೆಂದೇ ಪ್ರತ್ಯೇಕ ‘ಹೆಲ್ತ್ ಪ್ಯಾಕೇಜ್’ಗಳಿವೆ. ಬೆಳಿಗ್ಗೆ ಮನೆ ಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಸಂಜೆಯ ವೇಳೆಗೆ ವರದಿ ಮೊಬೈಲಿಗೆ ಬರುತ್ತದೆ. ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಕ್ರಿಯಾಟಿನಿನ್ ಅಂಕಿಗಳ ನಡುವೆ ‘ಪಿಎಸ್‌ಎ’ ಎಂಬ ಒಂದು ಅಂಕಿಯೂ ಇರುತ್ತದೆ. ಅದು 4ನ್ನು ಮೀರಿದ್ದರೆ ದಪ್ಪಕ್ಷರದಲ್ಲಿ ಅಚ್ಚಾಗಿ ಬರುತ್ತದೆ. ಅಂದಿನಿಂದ ಆ ಮನೆಯ ನಿದ್ದೆ ಕೆಡುತ್ತದೆ.

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರಿನ ತಪಾಸಣೆಗೆ ಬಳಸುವ ರಕ್ತಪರೀಕ್ಷೆ. ಈ ಪರೀಕ್ಷೆಯಿಂದ ಕೆಲವರ ಜೀವ ಉಳಿಯುತ್ತದೆ ಎಂಬುದು ಸಾಬೀತಾಗಿದೆ. ಎಂದಿಗೂ ತೊಂದರೆ ಕೊಡದೆ ಇರಬಹುದಾಗಿದ್ದ ಕ್ಯಾನ್ಸರನ್ನು ಪತ್ತೆಹಚ್ಚಿ, ಅದಕ್ಕೆ ಚಿಕಿತ್ಸೆ ಮಾಡಿ, ಅದಕ್ಕಿಂತ ಹೆಚ್ಚಿನ ಸಂಖ್ಯೆಯ ಪುರುಷರ ಬದುಕಿನ ನೆಮ್ಮದಿಯನ್ನು ಕೆಡಿಸುತ್ತದೆ ಎಂಬುದೂ ಅಷ್ಟೇ ಸಾಬೀತಾಗಿದೆ. ಆದುದರಿಂದಲೇ, ಪರೀಕ್ಷೆ ಬೇಕೆ ಬೇಡವೆ ಎಂಬ ನಿರ್ಧಾರ ರಕ್ತ ಕೊಡುವ ಮೊದಲೇ ಆಗಬೇಕು, ವರದಿ ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ ಎಂಬುದು ಹಲವು ದಶಕಗಳ ವಾದವಿವಾದದ ನಂತರ ವೈದ್ಯಲೋಕ ತಲುಪಿರುವ ನಿಲುವು. ಈ ನಿರ್ಧಾರಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಏನಿದು ಪ್ರಾಸ್ಟೇಟ್?

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಒಂದು ಸಣ್ಣ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ಯೌವನದಲ್ಲಿ ಇದರ ಗಾತ್ರ ಒಂದು ಆಕ್ರೋಟದಷ್ಟು. ವೀರ್ಯದ ದ್ರವಭಾಗದಲ್ಲಿ ಸ್ವಲ್ಪವನ್ನು ಉತ್ಪಾದಿಸುವುದು ಇದರ ಕೆಲಸ. ವಯಸ್ಸಾದಂತೆ ಬಹುತೇಕ ಪುರುಷರಲ್ಲಿ ಈ ಗ್ರಂಥಿ ಹಿಗ್ಗುತ್ತದೆ. ಹಿಗ್ಗಿದ ಗ್ರಂಥಿ ಮೂತ್ರನಾಳವನ್ನು ಒತ್ತುವುದರಿಂದ ರಾತ್ರಿ ನಾಲ್ಕೈದು ಸಲ ಏಳಬೇಕಾಗುವುದು, ಮೂತ್ರ ಸಣ್ಣಗೆ ಬರುವುದು, ಪೂರ್ತಿ ಹೋಗಿಲ್ಲವೆನಿಸುವುದು ಮೊದಲಾದ ತೊಂದರೆಗಳು ಕಾಣಿಸುತ್ತವೆ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರಾಗಿ ಬದಲಾಗುವಂಥದ್ದೂ ಅಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯಲ್ಲಿ ‘ಗ್ರೇಡ್ 2 ಪ್ರಾಸ್ಟೇಟೊಮೆಗಲಿ’ ಎಂದು ಬರೆದಿರುವುದುಂಟು. ಇದನ್ನು ಎರಡನೇ ಹಂತದ ಕ್ಯಾನ್ಸರ್ ಎಂದು ತಿಳಿದು ಗಾಬರಿಯಾಗುವವರಿದ್ದಾರೆ. ಇಲ್ಲಿ ಗ್ರೇಡ್ ಎಂದರೆ ಗ್ರಂಥಿ ಎಷ್ಟು ಹಿಗ್ಗಿದೆ ಎಂಬ ಅಳತೆ ಮಾತ್ರ. ಕ್ಯಾನ್ಸರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಬಹುಪಾಲು ಗ್ರಂಥಿಯ ಹೊರಭಾಗದಲ್ಲಿ ಹುಟ್ಟುತ್ತದೆ. ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಇದರಲ್ಲಿ ಎರಡು ಬಗೆ ಎಂದು ಸ್ಥೂಲವಾಗಿ ಹೇಳಬಹುದು. ಒಂದು ಬಗೆ ಬಹಳ ನಿಧಾನವಾಗಿ ಬೆಳೆಯುತ್ತದೆ. ಬೇರೆ ಕಾರಣಗಳಿಂದ ತೀರಿಕೊಂಡ 70 ದಾಟಿದ ಪುರುಷರ ಶವಪರೀಕ್ಷೆ ನಡೆಸಿದ ವಿದೇಶಿ ಅಧ್ಯಯನಗಳಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಯಲ್ಲಿ ಇಂಥ ಕ್ಯಾನ್ಸರ್ ಕಂಡುಬಂದಿತ್ತು. ಅದು ತಮ್ಮಲ್ಲಿದೆ ಎಂಬ ಅರಿವೇ ಇಲ್ಲದೆ ಅವರು ಬಾಳಿದ್ದರು. ಇನ್ನೊಂದು ಬಗೆ ವೇಗವಾಗಿ ಬೆಳೆದು ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹರಡಿ ಪ್ರಾಣ ತೆಗೆಯುತ್ತದೆ. ರಕ್ತಪರೀಕ್ಷೆಯ ಅಂಕಿಯೊಂದೇ ಈ ಎರಡನ್ನು ಬೇರ್ಪಡಿಸಿ ಹೇಳಲಾರದು. ಇಡೀ ಸಮಸ್ಯೆಯ ಮೂಲ ಇದೇ.

ಪಿಎಸ್‌ಎ ಹಿನ್ನೆಲೆ

ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ಆರೋಗ್ಯವಂತರ ರಕ್ತದಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಪ್ರಾಸ್ಟೇಟಿಗೆ ಸಂಬಂಧಿಸಿದ ಇಂಥ ಅಂಶವನ್ನು 1970ರಲ್ಲಿ ಗುರುತಿಸಿದವರಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ ಆಬ್ಲಿನ್ ಒಬ್ಬರು. 1979ರಲ್ಲಿ ಅಲ್ಲಿನ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಸಂಶೋಧಕರು ಅದನ್ನು ಶುದ್ಧರೂಪದಲ್ಲಿ ಪ್ರತ್ಯೇಕಿಸಿದರು. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಪರೀಕ್ಷೆಗೆ ಅನುಮತಿ ನೀಡಿದ್ದು ಈಗಾಗಲೇ ಕ್ಯಾನ್ಸರ್ ಇರುವ ರೋಗಿಗಳ ಸ್ಥಿತಿಯನ್ನು ಗಮನಿಸುವುದಕ್ಕಷ್ಟೇ. 1994ರಲ್ಲಿ ಕ್ಯಾನ್ಸರ್ ಪತ್ತೆಗೆ ನೆರವಾಗಿಯೂ ಬಳಸಲು ಒಪ್ಪಿಗೆ ದೊರೆಯಿತು.

ಆ ಬಳಿಕ ಅಮೆರಿಕದಲ್ಲಿ ಕೋಟ್ಯಂತರ ಪುರುಷರು ಪ್ರತಿವರ್ಷವೆಂಬಂತೆ ಈ ಪರೀಕ್ಷೆ ಮಾಡಿಸಿಕೊಂಡರು. 2010ರಲ್ಲಿ ಆಬ್ಲಿನ್ ಅವರೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ಲಕ್ಷಣಗಳಿಲ್ಲದ ಎಲ್ಲರಿಗೂ ಈ ಪರೀಕ್ಷೆ ಮಾಡುವುದನ್ನು ಕಟುವಾಗಿ ಟೀಕಿಸಿದರು. 2012ರಲ್ಲಿ ಅಮೆರಿಕದ ಸರ್ಕಾರಕ್ಕೆ ಸಲಹೆ ನೀಡುವ ರೋಗ ತಡೆ ಕಾರ್ಯಪಡೆಯು ಯಾವ ವಯಸ್ಸಿನವರಿಗೂ ಪಿಎಸ್‌ಎ ತಪಾಸಣೆ ಬೇಡವೆಂದು ಶಿಫಾರಸು ಮಾಡಿತು. ನಂತರದ ವರ್ಷಗಳಲ್ಲಿ ಮುಂದುವರಿದ ಹಂತದಲ್ಲಿ ಪತ್ತೆಯಾಗುವ ಪ್ರಕರಣಗಳು ಅಲ್ಲಿ ಏರತೊಡಗಿದವು. 2018ರಲ್ಲಿ ಅದೇ ಕಾರ್ಯಪಡೆ ನಿಲುವು ಬದಲಿಸಿತು. 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಬೇಕು. 70 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ತಪಾಸಣೆ ಬೇಡ ಎಂದಿತು.

4 ಎಂಬ ಗೆರೆ

ವರದಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತಕ್ಕೆ 4 ನ್ಯಾನೋಗ್ರಾಂ ಎಂಬುದನ್ನು ಗಡಿಯಾಗಿ ಮುದ್ರಿಸಿರುತ್ತಾರೆ. ಇದಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರ್, ಕಡಿಮೆಯಿದ್ದರೆ ಕ್ಯಾನ್ಸರ್ ಇಲ್ಲ ಎಂದು ತಿಳಿಯುವುದು ತಪ್ಪು. 4ರಿಂದ 10ರ ನಡುವೆ ಇರುವವರ ಪೈಕಿ ನಾಲ್ವರಲ್ಲಿ ಒಬ್ಬರಿಗಷ್ಟೇ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಅನುಭವ. ಇನ್ನೊಂದೆಡೆ, 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿಯೂ ನೂರಕ್ಕೆ 15 ಮಂದಿಗೆ ಕ್ಯಾನ್ಸರ್ ಕಂಡುಬಂದಿತ್ತು.

ಕ್ಯಾನ್ಸರ್ ಇಲ್ಲದೆಯೂ ಈ ಅಂಕಿ ಏರಲು ಹಲವು ಕಾರಣಗಳಿವೆ:

• ವಯಸ್ಸಿಗೆ ಸಹಜವಾದ ಗ್ರಂಥಿಯ ಹಿಗ್ಗುವಿಕೆ
• ಮೂತ್ರದ ಸೋಂಕು ಅಥವಾ ಪ್ರಾಸ್ಟೇಟಿನ ಉರಿಯೂತ
• ಮೂತ್ರ ಕಟ್ಟಿಕೊಂಡು ಕ್ಯಾತಿಟರ್ ಹಾಕಿಸಿಕೊಂಡಿರುವುದು
• ಹಿಂದಿನ ಒಂದೆರಡು ದಿನಗಳಲ್ಲಿ ವೀರ್ಯಸ್ಖಲನವಾಗಿರುವುದು
• ದೀರ್ಘಕಾಲ ಬಿರುಸಾಗಿ ಸೈಕಲ್ ತುಳಿದಿರುವುದು

ಅಂಕಿ ಸುಳ್ಳುಸುಳ್ಳೇ ಇಳಿಯುವುದೂ ಉಂಟು. ಗ್ರಂಥಿ ಕುಗ್ಗಿಸಲೆಂದು ನೀಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳನ್ನು ಆರು ತಿಂಗಳಿಗೂ ಹೆಚ್ಚು ಕಾಲ ಸೇವಿಸಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥವರ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದು ಓದಬೇಕಾಗುತ್ತದೆ. ಕೂದಲು ಉದುರುವುದಕ್ಕೆ ಫಿನಾಸ್ಟರೈಡ್ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ಪ್ಯಾಕೇಜಿನಲ್ಲಿ ರಕ್ತ ತೆಗೆಯುವವರು ಇದನ್ನೆಲ್ಲ ಕೇಳುವುದು ಅಪರೂಪ. ಹೇಳಬೇಕಾದವರು ರಕ್ತ ಕೊಡುವವರೇ.

ಸಾವಿರ ಮಂದಿಯ ಲೆಕ್ಕ

ಲಾಭನಷ್ಟಗಳನ್ನು ಅರಿಯಲು 2018ರ ಶಿಫಾರಸಿನೊಡನೆ ಅಮೆರಿಕದ ಕಾರ್ಯಪಡೆ ಪ್ರಕಟಿಸಿದ ಲೆಕ್ಕ ಸಹಾಯಕ. 55ರಿಂದ 69 ವರ್ಷದ ಒಂದು ಸಾವಿರ ಪುರುಷರಿಗೆ ತಪಾಸಣೆಯ ಅವಕಾಶ ನೀಡಿದರೆ ಮುಂದಿನ ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ಅದು ಹೀಗೆ ಅಂದಾಜಿಸಿದೆ:

• 240 ಮಂದಿಗೆ ಪಿಎಸ್‌ಎ ಹೆಚ್ಚು ಬರುತ್ತದೆ
• 100 ಮಂದಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರುವುದು ಖಚಿತವಾಗುತ್ತದೆ
• ಕೂಡಲೇ ಅಥವಾ ಕೆಲಕಾಲದ ಬಳಿಕ 80 ಮಂದಿ ಶಸ್ತ್ರಚಿಕಿತ್ಸೆ ಇಲ್ಲವೇ ವಿಕಿರಣ ಚಿಕಿತ್ಸೆಗೆ ಒಳಗಾಗುತ್ತಾರೆ
• ಅವರಲ್ಲಿ 50 ಮಂದಿಗೆ ಲೈಂಗಿಕ ಸಾಮರ್ಥ್ಯ ಕುಂದುತ್ತದೆ, 15 ಮಂದಿಗೆ ಮೂತ್ರದ ಹಿಡಿತ ತಪ್ಪುತ್ತದೆ
• ಮೂವರಲ್ಲಿ ಕ್ಯಾನ್ಸರ್ ದೇಹದ ಇತರ ಭಾಗಗಳಿಗೆ ಹರಡುವುದು ತಪ್ಪುತ್ತದೆ
• ಒಬ್ಬರು ಅಥವಾ ಇಬ್ಬರು (ಲೆಕ್ಕದ ಪ್ರಕಾರ 1.3) ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುವುದು ತಪ್ಪುತ್ತದೆ
• ತಪಾಸಣೆ, ಚಿಕಿತ್ಸೆಗಳ ನಂತರವೂ ಐವರು ಇದೇ ಕ್ಯಾನ್ಸರಿನಿಂದ ಸಾಯುತ್ತಾರೆ

ಈ ಲೆಕ್ಕವನ್ನು ನೋಡಿ ‘ಆ ಒಬ್ಬ ನಾನೇ ಆಗಿರಬಹುದಲ್ಲ’ ಎನ್ನುವವರು ಪರೀಕ್ಷೆ ಮಾಡಿಸಿಕೊಳ್ಳುವುದು ತಪ್ಪಲ್ಲ. ‘ಆ ಐವತ್ತರಲ್ಲಿ ನಾನೊಬ್ಬನಾಗುವುದು ಬೇಡ’ ಎಂದು ಹಿಂದೆ ಸರಿಯುವುದೂ ತಪ್ಪಲ್ಲ. ಎರಡೂ ವಿವೇಕದ ನಿರ್ಧಾರಗಳೇ.

ದೊಡ್ಡ ಅಧ್ಯಯನಗಳ ಸಾರ

ಯುರೋಪಿನ ಎಂಟು ದೇಶಗಳಲ್ಲಿ 1990ರ ದಶಕದಲ್ಲಿ ಆರಂಭವಾದ ಅಧ್ಯಯನ ಈ ವಿಷಯದಲ್ಲಿ ಅತಿ ಮುಖ್ಯವಾದುದು. 55ರಿಂದ 69 ವರ್ಷದ 1.6 ಲಕ್ಷಕ್ಕೂ ಹೆಚ್ಚು ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ನಿಯತವಾಗಿ ಪಿಎಸ್‌ಎ ತಪಾಸಣೆಗೆ ಕರೆಯಲಾಯಿತು. 2009ರಲ್ಲಿ ಮೊದಲ ಫಲಿತಾಂಶ ಬಂದಾಗ ಒಂದು ಸಾವನ್ನು ತಪ್ಪಿಸಲು 1,410 ಮಂದಿಯನ್ನು ತಪಾಸಣೆ ಮಾಡಿ 48 ಮಂದಿಗೆ ಚಿಕಿತ್ಸೆ ನೀಡಬೇಕಾಗುತ್ತದೆಂಬ ಅಂಶ ಹೊರಬಿತ್ತು. ಅದೇ ಪುರುಷರನ್ನು 23 ವರ್ಷ ಗಮನಿಸಿದ ಮೇಲೆ 2025ರಲ್ಲಿ ಪ್ರಕಟವಾದ ವರದಿಯಲ್ಲಿ ಚಿತ್ರ ಸುಧಾರಿಸಿದೆ. ತಪಾಸಣೆಗೆ ಕರೆದ 456 ಮಂದಿಗೆ ಒಂದು ಸಾವು ತಪ್ಪಿದೆ. ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾದ 12 ಮಂದಿಗೆ ಒಬ್ಬರ ಜೀವ ಉಳಿದಿದೆ. ಈ ಕ್ಯಾನ್ಸರಿನಿಂದಾಗುವ ಸಾವಿನ ಪ್ರಮಾಣ ಶೇ 13ರಷ್ಟು ಇಳಿದಿದೆ.

ಇದರಿಂದ ತಿಳಿಯುವುದೇನೆಂದರೆ, ತಪಾಸಣೆಯ ಲಾಭ ಕೈಸೇರಲು ಹತ್ತು, ಹದಿನೈದು ವರ್ಷಗಳೇ ಬೇಕು. ಐವತ್ತೈದರವರಿಗೆ ಇದು ಉಪಯುಕ್ತವಾಗಬಹುದು. ಎಪ್ಪತ್ತೆಂಟರ ವಯಸ್ಸಿನಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆಗಳೊಡನೆ ಇರುವವರಿಗೆ ಲಾಭ ಕಾಣುವ ಮೊದಲು ನಷ್ಟವೇ ಕಾಣುತ್ತದೆ.

ಬ್ರಿಟನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪುರುಷರನ್ನು ಒಳಗೊಂಡ ಇನ್ನೊಂದು ಅಧ್ಯಯನದಲ್ಲಿ ಒಂದೇ ಒಂದು ಸಲ ಪಿಎಸ್‌ಎ ಪರೀಕ್ಷೆಗೆ ಕರೆದು 15 ವರ್ಷ ಕಾಯಲಾಯಿತು. 2024ರಲ್ಲಿ ಬಂದ ಫಲಿತಾಂಶದಂತೆ, ಕರೆದ ಗುಂಪಿನಲ್ಲಿ ಸಾವಿರಕ್ಕೆ ಸುಮಾರು 7 ಮಂದಿ, ಕರೆಯದ ಗುಂಪಿನಲ್ಲಿ ಸಾವಿರಕ್ಕೆ ಸುಮಾರು 8 ಮಂದಿ ಈ ಕ್ಯಾನ್ಸರಿನಿಂದ ಮೃತಪಟ್ಟಿದ್ದರು. ‘ಒಂದು ಸಲ ನೋಡಿಬಿಡೋಣ’ ಎಂಬ ಬಗೆಯ ಪರೀಕ್ಷೆಯ ಪ್ರಯೋಜನ ಎಷ್ಟು ಅಲ್ಪ ಎಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ ಬೇರೆಯೇ ಚಿತ್ರ

ಮೇಲಿನ ಲೆಕ್ಕಗಳೆಲ್ಲ ಅಮೆರಿಕ, ಯುರೋಪಿನವು. ಭಾರತದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಷ್ಟೊಂದು ವ್ಯಾಪಕವಲ್ಲ. ವಯಸ್ಸಿನ ಅಂತರವನ್ನು ಸರಿದೂಗಿಸಿ ನೋಡಿದರೆ ಜಗತ್ತಿನಲ್ಲಿ ಲಕ್ಷ ಪುರುಷರಿಗೆ ವರ್ಷಕ್ಕೆ ಸುಮಾರು 30 ಹೊಸ ಪ್ರಕರಣಗಳಿದ್ದರೆ, ಭಾರತದಲ್ಲಿ ಐದಾರು ಎಂಬುದು ಅಂತಾರಾಷ್ಟ್ರೀಯ ಅಂದಾಜು. ದೇಶದಲ್ಲಿ ಪ್ರತಿವರ್ಷ ಸುಮಾರು 35ರಿಂದ 40 ಸಾವಿರ ಪುರುಷರಲ್ಲಿ ಇದು ಪತ್ತೆಯಾಗುತ್ತಿದೆ. ರೋಗವೇ ಕಡಿಮೆಯಿರುವಲ್ಲಿ ಎಲ್ಲರನ್ನೂ ಪರೀಕ್ಷಿಸಿದರೆ ಸುಳ್ಳು ಎಚ್ಚರಿಕೆಗಳ ಪಾಲು ಹೆಚ್ಚುವುದು ಸಹಜ.

ಆದರೆ ಮಹಾನಗರಗಳ ಕತೆ ಬೇರೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಮುಂಬೈ, ಚೆನ್ನೈಗಳೊಡನೆ ಆರಂಭವಾದ ಮೊದಲ ನೋಂದಣಿಗಳಲ್ಲಿ ಇದೂ ಒಂದು. ಈ ದಾಖಲೆಗಳ ಪ್ರಕಾರ ಬೆಂಗಳೂರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ವರ್ಷದಿಂದ ವರ್ಷಕ್ಕೆ ಏರುತ್ತ ಬಂದು, ಪುರುಷರ ಪ್ರಮುಖ ಕ್ಯಾನ್ಸರುಗಳ ಸಾಲಿಗೆ ಸೇರಿದೆ. ಜನರ ಆಯಸ್ಸು ಹೆಚ್ಚಿರುವುದು ಒಂದು ಕಾರಣವಾದರೆ, ಪರೀಕ್ಷೆಗಳು ಹೆಚ್ಚಿರುವುದು ಇನ್ನೊಂದು.

ಇದರ ಜೊತೆಗೇ ಇನ್ನೊಂದು ಕಹಿ ಸತ್ಯವಿದೆ. ನಮ್ಮಲ್ಲಿ ಸಾಕಷ್ಟು ರೋಗಿಗಳು ಆಸ್ಪತ್ರೆಗೆ ಬರುವುದೇ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ. ಮೂತ್ರದ ತೊಂದರೆಯನ್ನು ‘ವಯಸ್ಸಾಯಿತು’ ಎಂದು, ಬೆನ್ನುನೋವನ್ನು ‘ವಾತ’ವೆಂದು ವರ್ಷಗಟ್ಟಲೆ ತಳ್ಳಿಹಾಕಿದ ನಂತರ ಬರುತ್ತಾರೆ. ಒಂದೇ ನಗರದಲ್ಲಿ ಒಂದು ಬಡಾವಣೆಯವರು ಬೇಡದ ಪರೀಕ್ಷೆಯಿಂದಲೂ, ಮತ್ತೊಂದು ಬಡಾವಣೆಯವರು ಬೇಕಾದ ಪರೀಕ್ಷೆ ಸಿಗದೆಯೂ ಕಷ್ಟಪಡುತ್ತಿದ್ದಾರೆ.

ಕೇಂದ್ರ ಸರ್ಕಾರದ ಸಾಂಕ್ರಾಮಿಕವಲ್ಲದ ರೋಗಗಳ ನಿಯಂತ್ರಣ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ವ್ಯವಸ್ಥೆಯಿದೆ. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ತಪಾಸಣಾ ಸಮಿತಿ ಕೂಡ 2025ರ ನವೆಂಬರಿನಲ್ಲಿ ಪ್ರಕಟಿಸಿದ ಕರಡಿನಲ್ಲಿ ಎಲ್ಲ ಪುರುಷರಿಗೂ ತಪಾಸಣೆ ಬೇಡವೆಂದು, ಬಿಆರ್‌ಸಿಎ ಎಂಬ ವಂಶವಾಹಿ ದೋಷವಿರುವವರಿಗೆ ಮಾತ್ರ ನಿಯತ ತಪಾಸಣೆ ಇರಲೆಂದು ಹೇಳಿದೆ.

ಯಾರಿಗೆ ಅಪಾಯ ಹೆಚ್ಚು?

ತಂದೆಗೆ ಅಥವಾ ಒಡಹುಟ್ಟಿದ ಸಹೋದರನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಅಥವಾ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಂದಿದ್ದರೆ ಇನ್ನೂ ಹೆಚ್ಚು. ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿರುವ ಕುಟುಂಬಗಳಲ್ಲಿಯೂ ಎಚ್ಚರ ಬೇಕು. ಬಿಆರ್‌ಸಿಎ 2 ವಂಶವಾಹಿಯ ದೋಷ ಹೆಣ್ಣುಮಕ್ಕಳಲ್ಲಿ ಆ ಕ್ಯಾನ್ಸರುಗಳಿಗೂ, ಗಂಡುಮಕ್ಕಳಲ್ಲಿ ಉಗ್ರ ಬಗೆಯ ಪ್ರಾಸ್ಟೇಟ್ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಇಂಥವರು 45ರ ಸುಮಾರಿಗೇ ವೈದ್ಯರೊಡನೆ ಮಾತನಾಡುವುದು ಸೂಕ್ತ.

ಮಿಕ್ಕವರ ವಿಷಯದಲ್ಲಿ ವಯಸ್ಸೇ ಮುಖ್ಯ:

• 50ಕ್ಕಿಂತ ಕಡಿಮೆ: ಕುಟುಂಬದ ಹಿನ್ನೆಲೆ ಇಲ್ಲದಿದ್ದರೆ ಸಾಮಾನ್ಯವಾಗಿ ಅಗತ್ಯವಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಮಾತ್ರ 45ರಿಂದ 50ರೊಳಗೆ ಒಂದು ಆರಂಭಿಕ ಪರೀಕ್ಷೆ ಮಾಡಬಹುದೆನ್ನುತ್ತದೆ.
• 50ರಿಂದ 69: ಚರ್ಚಿಸಿ ನಿರ್ಧರಿಸಬೇಕಾದ ವಯಸ್ಸು. ಮಾಡಿಸಿಕೊಳ್ಳುವುದಾದರೆ ಪ್ರತಿವರ್ಷ ಬೇಕಿಲ್ಲ. ಎರಡರಿಂದ ನಾಲ್ಕು ವರ್ಷಗಳ ಅಂತರ ಸಾಕು.
• 70 ಮತ್ತು ಮೇಲ್ಪಟ್ಟು: ಲಕ್ಷಣಗಳಿಲ್ಲದವರಿಗೆ ಸಾಮಾನ್ಯವಾಗಿ ಬೇಡ.

60ನೇ ವಯಸ್ಸಿನಲ್ಲಿ ಪಿಎಸ್‌ಎ 1ಕ್ಕಿಂತ ಕಡಿಮೆ ಇದ್ದವರು ಮುಂದೆ ಈ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಅತ್ಯಲ್ಪ ಎಂದು ಸ್ವೀಡನ್ನಿನ ದೀರ್ಘಕಾಲದ ಅಧ್ಯಯನವೊಂದು ತೋರಿಸಿದೆ. ಅಂಥವರು ಮತ್ತೆ ಮತ್ತೆ ಪರೀಕ್ಷೆ ಮಾಡಿಸುತ್ತ ಕೂರಬೇಕಿಲ್ಲ.

ಎರಡು ಪ್ರಸಿದ್ಧ ಪ್ರಕರಣಗಳು ಈ ಇಕ್ಕಟ್ಟಿನ ಎರಡು ಮುಖಗಳನ್ನು ತೋರುತ್ತವೆ. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಲ್ಲಿ 2025ರ ಮೇ ತಿಂಗಳಲ್ಲಿ, 82ನೇ ವಯಸ್ಸಿನಲ್ಲಿ, ಮೂಳೆಗೆ ಹರಡಿದ್ದ ಉಗ್ರ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆಗಿತ್ತೆಂದು ಅವರ ವಕ್ತಾರರು ತಿಳಿಸಿದರು. ಅವರ ಸಂಪುಟದಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಲಾಯ್ಡ್ ಆಸ್ಟಿನ್ ಅವರಿಗೆ ತಪಾಸಣೆಯಲ್ಲೇ ಕ್ಯಾನ್ಸರ್ ಬೇಗ ಪತ್ತೆಯಾಗಿ 2023ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಬಳಿಕ ಉಂಟಾದ ಸೋಂಕಿನಿಂದ 2024ರ ಜನವರಿ 1ರಂದು ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಂಕಿ ಹೆಚ್ಚು ಬಂದರೆ ಮುಂದೇನು?

ಮೊದಲನೆಯದಾಗಿ, ಗಾಬರಿ ಬೇಡ. ಈ ಕ್ಯಾನ್ಸರ್ ದಿನಗಳಲ್ಲಿ ಬೆಳೆಯುವಂಥದ್ದಲ್ಲ. ಸೋಂಕಿದ್ದರೆ ಅದನ್ನು ವಾಸಿ ಮಾಡಿಕೊಂಡು, ಕೆಲವು ವಾರಗಳ ನಂತರ ಅದೇ ಲ್ಯಾಬಿನಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಎಷ್ಟೋ ಜನರಲ್ಲಿ ಅಂಕಿ ತಾನಾಗಿ ಇಳಿದಿರುತ್ತದೆ. ಇಳಿಯದಿದ್ದರೆ ಮೂತ್ರರೋಗ ತಜ್ಞರನ್ನು ಕಾಣಬೇಕು. ರಕ್ತದಲ್ಲಿ ಬಿಡಿಯಾಗಿರುವ ಪಿಎಸ್‌ಎ ಪಾಲು, ಗ್ರಂಥಿಯ ಗಾತ್ರಕ್ಕೆ ಹೋಲಿಸಿದಾಗ ಪಿಎಸ್‌ಎ ಎಷ್ಟಿದೆ ಎಂಬುದನ್ನೆಲ್ಲ ಅವರು ಲೆಕ್ಕಹಾಕುತ್ತಾರೆ.

ಹಿಂದೆ ಇದಾದ ಕೂಡಲೇ ಬಯಾಪ್ಸಿಗೆ ಬರೆದುಕೊಡುತ್ತಿದ್ದರು. ಈಗ ಅದಕ್ಕೆ ಮುನ್ನ ಎಂಆರ್‌ಐ ಮಾಡಿಸುವುದು ಒಳ್ಳೆಯ ಪದ್ಧತಿ. 2017ರ ನಂತರ ಬಂದ ಅಧ್ಯಯನಗಳು ಇದರಿಂದ ಅನೇಕರಿಗೆ ಬಯಾಪ್ಸಿಯೇ ತಪ್ಪುತ್ತದೆಂದು ತೋರಿಸಿವೆ. ಎಂಆರ್‌ಐಯಲ್ಲಿ ಅನುಮಾನ ಬಂದ ಜಾಗದಿಂದ ಮಾತ್ರ ತುಣುಕು ತೆಗೆದಾಗ, ನಿರುಪದ್ರವಿ ಕ್ಯಾನ್ಸರುಗಳ ಪತ್ತೆ ಅರ್ಧಕ್ಕೆ ಇಳಿಯಿತೆಂದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಅಧ್ಯಯನ 2022ರಲ್ಲಿ ವರದಿ ಮಾಡಿತು. ಪಿಎಸ್‌ಎ ಪರೀಕ್ಷೆಗೆ ಕೆಲವು ನೂರು ರೂಪಾಯಿ ಸಾಕು. ಎಂಆರ್‌ಐ, ಬಯಾಪ್ಸಿಗಳಿಗೆ ಸಾವಿರಗಳಲ್ಲಿ ತೆರಬೇಕು ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಯಾಪ್ಸಿಯಲ್ಲಿ ಸೂಜಿಯಿಂದ ಗ್ರಂಥಿಯ ಹಲವು ಕಡೆಯ ತುಣುಕುಗಳನ್ನು ತೆಗೆಯುತ್ತಾರೆ. ಸೂಜಿಯನ್ನು ಗುದದ್ವಾರದ ಮೂಲಕ ಹಾಯಿಸಿದರೆ ಸೋಂಕು ರಕ್ತಕ್ಕೆ ಸೇರುವ ಅಪಾಯ ಸ್ವಲ್ಪವಾದರೂ ಇರುತ್ತದೆ. ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿರುವ ನಮ್ಮ ದೇಶದಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಸೂಜಿ ಹಾಯಿಸುವ ವಿಧಾನದಲ್ಲಿ ಸೋಂಕು ಕಡಿಮೆ. ಯಾವ ವಿಧಾನವೆಂದು ವೈದ್ಯರನ್ನು ಕೇಳಿ ತಿಳಿಯಬಹುದು.

ಕ್ಯಾನ್ಸರ್ ಎಂದಾದರೂ ಎಲ್ಲ ಕ್ಯಾನ್ಸರೂ ಒಂದೇ ಅಲ್ಲ

ಬಯಾಪ್ಸಿ ವರದಿಯಲ್ಲಿ ‘ಗ್ಲೀಸನ್ ಸ್ಕೋರ್’ ಎಂಬ ಅಂಕಿಯಿರುತ್ತದೆ. 6 ಎಂದರೆ ಅತಿ ಸೌಮ್ಯ. 8ರಿಂದ 10 ಎಂದರೆ ಉಗ್ರ. 6 ಬಂದವರಿಗೆ ಬಹುತೇಕ ಸಂದರ್ಭಗಳಲ್ಲಿ ತಕ್ಷಣ ಚಿಕಿತ್ಸೆ ಬೇಕಿಲ್ಲ. ನಿಗದಿತ ಅವಧಿಗೊಮ್ಮೆ ಪಿಎಸ್‌ಎ, ಎಂಆರ್‌ಐ, ಬಯಾಪ್ಸಿ ಮಾಡಿಸುತ್ತ, ಕ್ಯಾನ್ಸರ್ ಬೆಳೆಯುವ ಸೂಚನೆ ಕಂಡಾಗ ಮಾತ್ರ ಚಿಕಿತ್ಸೆ ಆರಂಭಿಸುವ ‘ಸಕ್ರಿಯ ನಿಗಾ’ ಇಂದು ಮಾನ್ಯತೆ ಪಡೆದ ಕ್ರಮ.

ಬ್ರಿಟನ್ನಿನಲ್ಲಿ ಪಿಎಸ್‌ಎ ಮೂಲಕ ಆರಂಭದ ಹಂತದಲ್ಲಿ ಪತ್ತೆಯಾದ 1,643 ರೋಗಿಗಳನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ 15 ವರ್ಷ ಗಮನಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರೂ ಗುಂಪುಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು ಮಾತ್ರ. ನಿಗಾದಲ್ಲಿದ್ದವರಲ್ಲಿ ಕ್ಯಾನ್ಸರ್ ಹರಡಿದ ಪ್ರಮಾಣ ಶೇ 9ರಷ್ಟು. ಚಿಕಿತ್ಸೆ ಪಡೆದವರಲ್ಲಿ ಶೇ 5ರಷ್ಟು. ನಿಗಾದ ಗುಂಪಿನ ಸುಮಾರು 60 ಮಂದಿಯಷ್ಟು ನೂರಕ್ಕೆ ಮುಂದೆ ಎಂದಾದರೊಮ್ಮೆ ಚಿಕಿತ್ಸೆ ಪಡೆದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಆರು ವರ್ಷಗಳ ಬಳಿಕವೂ ನೂರರಲ್ಲಿ 17 ಮಂದಿ ಮೂತ್ರ ಸೋರುವುದಕ್ಕಾಗಿ ಪ್ಯಾಡ್ ಬಳಸುತ್ತಿದ್ದರು.

ನಿಗಾ ಎಂಬುದು ಕೇಳಲು ಸುಲಭ, ಬಾಳಲು ಕಷ್ಟ. ‘ಒಳಗೆ ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನಿರುವುದೇ?’ ಎಂದು ಮನೆಯವರು ಒತ್ತಾಯಿಸುತ್ತಾರೆ. ಈ ಒತ್ತಡ ತಾಳಲಾರೆ ಎನ್ನುವವರು ಅದನ್ನೂ ಮೊದಲೇ ಯೋಚಿಸಬೇಕು.

ಲಕ್ಷಣ ಇದ್ದರೆ ತಡ ಬೇಡ

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಾವ ತೊಂದರೆಯೂ ಇಲ್ಲದವರಿಗೆ ಮಾತ್ರ. ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ, ಮೂತ್ರ ಕಟ್ಟುವುದು, ಬಿಡದೆ ಕಾಡುವ ಬೆನ್ನು ಅಥವಾ ಸೊಂಟದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ವಯಸ್ಸು 50 ಆಗಲಿ 80 ಆಗಲಿ ವೈದ್ಯರನ್ನು ಕಾಣಲೇಬೇಕು. ಆಗ ಪಿಎಸ್‌ಎ ರೋಗನಿರ್ಣಯದ ಭಾಗ. ಬೇಕೆ ಬೇಡವೆ ಎಂಬ ಜಿಜ್ಞಾಸೆ ಅಲ್ಲಿಲ್ಲ. ಬೆನ್ನುನೋವಿನ ಜೊತೆ ಕಾಲುಗಳಲ್ಲಿ ಬಲ ಕುಂದಿದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆ ಸೇರಬೇಕು. ಮೂಳೆಗೆ ಹರಡಿದ ಮೇಲೂ ಹಾರ್ಮೋನ್ ಚಿಕಿತ್ಸೆಯಿಂದ ಹಲವರು ವರ್ಷಗಳ ಕಾಲ ಬದುಕುತ್ತಾರೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ನಿವೃತ್ತ ದಂಪತಿಗಳಿಬ್ಬರೇ ಇರುತ್ತಾರೆ. ಹೊರದೇಶದಲ್ಲಿರುವ ಮಕ್ಕಳು ಅಲ್ಲಿಂದಲೇ ತಂದೆಗೆ ಪ್ಯಾಕೇಜ್ ಕಾದಿರಿಸುವುದು ಸಾಮಾನ್ಯ. ಅದು ಕಾಳಜಿಯ ಕೆಲಸವೇ ಆದರೂ, ಪಟ್ಟಿಯಲ್ಲಿರುವ ಪಿಎಸ್‌ಎ ಬಗ್ಗೆ ತಂದೆಯನ್ನು ಒಮ್ಮೆ ಕೇಳುವುದು ಒಳ್ಳೆಯದು. ಬೇಡವೆಂದರೆ ಅದೊಂದನ್ನು ಕೈಬಿಡುವಂತೆ ಲ್ಯಾಬಿಗೆ ಹೇಳಬಹುದು. ನಿರ್ಧಾರಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು:

• ವಯಸ್ಸೆಷ್ಟು? ಇನ್ನೂ ಹತ್ತು, ಹದಿನೈದು ವರ್ಷ ಆರೋಗ್ಯದಿಂದ ಇರುವ ನಿರೀಕ್ಷೆಯಿದೆಯೇ?
• ತಂದೆ, ಸಹೋದರರಿಗೆ ಈ ಕಾಯಿಲೆ ಬಂದಿತ್ತೇ?
• ಅಂಕಿ ಹೆಚ್ಚು ಬಂದರೆ ಎಂಆರ್‌ಐ, ಬಯಾಪ್ಸಿ ಮಾಡಿಸಿಕೊಳ್ಳಲು ಮನಸ್ಸಿದೆಯೇ? ಇಲ್ಲವಾದರೆ ಅಂಕಿ ತಿಳಿದು ಪ್ರಯೋಜನವೇನು?
• ಸೌಮ್ಯ ಕ್ಯಾನ್ಸರ್ ಎಂದಾದರೆ ಚಿಕಿತ್ಸೆಯಿಲ್ಲದೆ ನಿಗಾದಲ್ಲಿರುವ ಧೈರ್ಯವಿದೆಯೇ?
• ಜೀವ ಉಳಿಯುವ ಸಣ್ಣ ಸಾಧ್ಯತೆ, ಮೂತ್ರ ಮತ್ತು ದಾಂಪತ್ಯದ ತೊಂದರೆಗಳ ದೊಡ್ಡ ಸಾಧ್ಯತೆ, ಇವೆರಡರಲ್ಲಿ ಯಾವುದು ತಮಗೆ ಹೆಚ್ಚು ಭಾರ?

ಕೊನೆಯ ಪ್ರಶ್ನೆಯನ್ನು ಪತ್ನಿಯೊಡನೆ ಮಾತನಾಡದೆ ಉತ್ತರಿಸುವುದು ಕಷ್ಟ. ಸಂಕೋಚದಿಂದ ಹೆಚ್ಚಿನವರು ಆ ಮಾತನ್ನೇ ತೆಗೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳನ್ನು ಜೊತೆಯಲ್ಲಿ ಕಳೆಯಬೇಕಾದವರು ಅವರೇ ಆದ್ದರಿಂದ ಆ ಮಾತು ಮೊದಲೇ ಆಗಿರುವುದು ಲೇಸು.

ಎಲ್ಲಿ ವಿಚಾರಿಸುವುದು?

ಮೊದಲು ಮನೆಯ ಹತ್ತಿರದ ಪರಿಚಿತ ವೈದ್ಯರನ್ನೇ ಕೇಳಬಹುದು. ವ್ಯಕ್ತಿಯ ಇತರ ಕಾಯಿಲೆಗಳು, ಸೇವಿಸುವ ಮಾತ್ರೆಗಳು ಅವರಿಗೆ ಗೊತ್ತಿರುತ್ತವೆ. ಪಿಎಸ್‌ಎ ಹೆಚ್ಚಿರುವವರು ಸರ್ಕಾರಿ ವ್ಯವಸ್ಥೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೊ ಯುರಾಲಜಿ ಸಂಸ್ಥೆಯನ್ನು, ಕ್ಯಾನ್ಸರ್ ಖಚಿತವಾದವರು ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯನ್ನು ಸಂಪರ್ಕಿಸಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಯಲ್ಲಿ ಒಯ್ದು ಅರ್ಹತೆಯನ್ನು ಆಸ್ಪತ್ರೆಯಲ್ಲೇ ವಿಚಾರಿಸಬೇಕು. ಹಿಂದಿನ ಎಲ್ಲ ಪಿಎಸ್‌ಎ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡು ಹೋಗುವುದು ಉತ್ತಮ. ಒಂದು ದಿನದ ಅಂಕಿಗಿಂತ ವರ್ಷಗಳಲ್ಲಿ ಅದು ಹೇಗೆ ಏರಿದೆ ಎಂಬುದು ವೈದ್ಯರಿಗೆ ಹೆಚ್ಚು ಉಪಯುಕ್ತ.